ಮಳೆಯಲ್ಲಿ ಬೆಟ್ಟದ ನೆತ್ತಿಯ ಹಾದಿ: ಮೌಂಟನ್ ಬೈಕ್ ಸವಾರರಿಗೊಂದು ಮಾರ್ಗದರ್ಶಿ

ಮಳೆ ಹಿಡಿಯಿತೆಂದರೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ‘ಬೆಟ್ಟದ ನೆತ್ತಿಯ ಹಾದಿಯಲ್ಲಿ ಮಳೆಯಲ್ಲೇ ಸವಾರಿ ಮಾಡಬೇಕೆಂದಿದ್ದೇವೆ, ಯಾವ ಟೈರು ಹಾಕಬೇಕು, ಎಷ್ಟು ಗಾಳಿ ಇರಬೇಕು?’ ಟೈರಿನ ಪ್ರಶ್ನೆಗೆ ಉತ್ತರವಿದೆ, ಮೂರನೆಯ ಹಂತದಲ್ಲಿ ವಿವರವಾಗಿ ಕೊಟ್ಟಿದ್ದೇನೆ. ಆದರೆ ಅದಕ್ಕೂ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ನಡುದಾರಿಯಲ್ಲಿ ಹವೆ ಕೆಟ್ಟರೆ ನೆತ್ತಿಯಿಂದ ಕೆಳಗಿಳಿಯಲು ಎಲ್ಲೆಲ್ಲಿ ದಾರಿ ಇದೆ? ಇದಕ್ಕೆ ಉತ್ತರ ಗೊತ್ತಿಲ್ಲದವರು ಎಷ್ಟೇ ಒಳ್ಳೆಯ ಟೈರು ಹಾಕಿದ್ದರೂ ಹೊರಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನೆತ್ತಿಯ ಹಾದಿ ಎಂದರೆ ಎರಡು ಕಣಿವೆಗಳ ನಡುವೆ ಬೆಟ್ಟಸಾಲಿನ ಬೆನ್ನ ಮೇಲೆಯೇ ಸಾಗುವ ಕಿರುದಾರಿ. ಚಾರಣಿಗರು ಇದನ್ನು ರಿಡ್ಜ್ ಎನ್ನುತ್ತಾರೆ. ಎಡಕ್ಕೂ ಬಲಕ್ಕೂ ನೋಟ ತೆರೆದುಕೊಂಡಿರುವುದೇ ಅದರ ಚೆಲುವು. ಅದೇ ಕಾರಣಕ್ಕೆ ಗಾಳಿ, ಮಂಜು, ಸಿಡಿಲುಗಳಿಗೂ ಅದು ತೆರೆದೇ ಇರುತ್ತದೆ. ಕಣಿವೆಯ ಕಾಡುಹಾದಿಯಲ್ಲಿ ಮಳೆ ಜೋರಾದರೆ ಎಲ್ಲಾದರೂ ಮರೆ ಸಿಕ್ಕೀತು. ನೆತ್ತಿಯ ಮೇಲೆ ಅಂಥ ಆಸರೆ ಇಲ್ಲ. ಹಾಗೆಂದು ಎಲ್ಲವೂ ನಮಗೆ ವಿರುದ್ಧವೇ ಇರುವುದಿಲ್ಲ. ಬಿದ್ದ ನೀರು ಎರಡೂ ಬದಿಗೆ ಹರಿದುಹೋಗುವುದರಿಂದ ನೆತ್ತಿಯ ನೆಲ ಕಣಿವೆಯ ನೆಲಕ್ಕಿಂತ ಬೇಗ ಗಟ್ಟಿಯಾಗುತ್ತದೆ. ಸರಿಯಾದ ದಿನ ಆರಿಸಿಕೊಂಡು, ತಯಾರಾಗಿ ಹೋದವರಿಗೆ ಮೋಡಗಳ ನಡುವಿನ ಆ ಸವಾರಿ ಬೇರೆಲ್ಲೂ ಸಿಗದ ಸಂತೋಷ ಕೊಡುತ್ತದೆ.

ಒಣ ಹಾದಿಯಲ್ಲಿ ಏರು, ಇಳಿಜಾರು, ತಿರುವುಗಳನ್ನು ನಿರಾಯಾಸವಾಗಿ ನಿಭಾಯಿಸುವವರಿಗಾಗಿ ಇದನ್ನು ಬರೆದಿದ್ದೇನೆ. ಹೊಸಬರು ಮೊದಲು ತಗ್ಗಿನ ಸುಲಭ ಹಾದಿಗಳಲ್ಲಿ ಒದ್ದೆ ನೆಲದ ಅಭ್ಯಾಸ ಮಾಡಿಕೊಳ್ಳಿ.

1. ಹೋಗಬೇಕೇ, ಬೇಡವೇ?

ಮಳೆಗಳೆಲ್ಲ ಒಂದೇ ಅಲ್ಲ. ಗಾಳಿಯಿಲ್ಲದೆ ಜಿನುಗುವ ಸೋನೆಮಳೆಯಲ್ಲಿ ಹೋಗಬಹುದು. ಗುಡುಗಿನ ಮುನ್ಸೂಚನೆ ಇದ್ದರೆ ಹೋಗಬಾರದು, ಇದರಲ್ಲಿ ಚರ್ಚೆಗೆ ಎಡೆಯಿಲ್ಲ. ಬಿರುಗಾಳಿಯ ಎಚ್ಚರಿಕೆ ಇದ್ದರೂ ಅಷ್ಟೇ.

ಮುನ್ಸೂಚನೆ ನೋಡುವಾಗ ಹೆಚ್ಚಿನವರು ಎಡವುವುದು ಎತ್ತರದ ಲೆಕ್ಕದಲ್ಲಿ. ಮೊಬೈಲ್ ತೋರಿಸುವ ಹವಾಮಾನ ಸಾಮಾನ್ಯವಾಗಿ ಬೆಟ್ಟದ ಬುಡದ ಊರಿನದು. ಎತ್ತರ 1000 ಮೀಟರ್ ಹೆಚ್ಚಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಬುಡದಲ್ಲಿ ಹಿತವಾದ ತಂಪಿದ್ದರೆ ಮೇಲೆ, ಒದ್ದೆ ಬಟ್ಟೆಯಲ್ಲಿ, ಬೀಸುವ ಗಾಳಿಯಲ್ಲಿ ಅದು ಕೊರೆಯುವ ಚಳಿ. ಗಂಟೆಗಂಟೆಯ ಮುನ್ಸೂಚನೆಯನ್ನು, ಗಾಳಿಯ ವೇಗವನ್ನು, ಅದು ಬೀಸುವ ದಿಕ್ಕನ್ನು ಮೂರನ್ನೂ ನೋಡಿ. ನೆಲ ಕಾದು ಮೇಲೇಳುವ ಬಿಸಿಗಾಳಿಯಿಂದ ಹುಟ್ಟುವ ಗುಡುಗುಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಆದ್ದರಿಂದ ಬೆಳಕು ಹರಿಯುತ್ತಲೇ ಹೊರಟು, ಮಧ್ಯಾಹ್ನದೊಳಗೆ ನೆತ್ತಿಯಿಂದ ಇಳಿದಿರುವಂತೆ ಯೋಜಿಸಿ.

ನೆಲದ ಬಗೆಗೂ ಯೋಚಿಸಿ. ಕಲ್ಲು, ಮರಳು, ಗರಸು ಮಣ್ಣಿನ ಹಾದಿ ಮಳೆಯನ್ನು ತಾಳಿಕೊಳ್ಳುತ್ತದೆ. ಜೇಡಿಮಣ್ಣಿನ ಹಾದಿ ತಾಳುವುದಿಲ್ಲ. ನಿಮ್ಮ ಟೈರಿನ ಗುರುತು ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಇಳಿಯುತ್ತಿದ್ದರೆ ಹಾದಿ ಹಾಳಾಗುತ್ತಿದೆ ಎಂದರ್ಥ. ಆ ಗಾಡಿಜಾಡಿನಲ್ಲಿ ಮುಂದಿನ ಮಳೆಯ ನೀರು ಹರಿದು ಅದನ್ನು ಕೊರಕಲು ಮಾಡುತ್ತದೆ. ಅಂಥ ದಿನ ಹಿಂದಿರುಗಿ. ಮಳೆಯ ದಿನಗಳಲ್ಲಿ ಹಾದಿ ಮುಚ್ಚಿರುವ ಫಲಕ ಇದ್ದರೆ ಅದನ್ನು ಮೀರಬೇಡಿ.

2. ಇಳಿದಾರಿಗಳನ್ನು ಗುರುತಿಸಿಕೊಳ್ಳಿ

ಮನೆಯಲ್ಲೇ ಕುಳಿತು ಮಾಡಬೇಕಾದ ಕೆಲಸವಿದು. ಸಮೋನ್ನತಿ ರೇಖೆಗಳಿರುವ, ಎಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿರುವ ನಕ್ಷೆಯನ್ನು ತೆರೆಯಿರಿ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳುಕಲು, ದೂರದೂರವಿದ್ದರೆ ಸೌಮ್ಯ ಇಳಿಜಾರು. ನೆತ್ತಿಯ ಹಾದಿಯುದ್ದಕ್ಕೂ ಕೆಳಗಿಳಿಯುವ ಪ್ರತಿ ಕವಲನ್ನೂ ಗುರುತು ಮಾಡಿ. ಪ್ರತಿಯೊಂದರ ಬಗೆಗೂ ಮೂರು ಸಂಗತಿ ತಿಳಿದಿರಲಿ: ಅದು ಗಾಳಿ ಬಡಿಯುವ ಕಡೆಗೆ ಇಳಿಯುತ್ತದೆಯೋ ಮರೆಯ ಕಡೆಗೋ, ಕೊನೆಗೆ ರಸ್ತೆ ತಲುಪುತ್ತದೆಯೋ ಇಲ್ಲವೋ, ನಡುವೆ ಹಳ್ಳ ದಾಟಬೇಕೋ. ಬೆಳಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಮೇಲೆ ಎರಡು ಗಂಟೆ ಮಳೆ ಸುರಿದರೆ ದಾಟಲಾಗದ ಹೊಳೆಯಾಗುತ್ತದೆ. ಹಳ್ಳ ಅಡ್ಡ ಬರುವ ಇಳಿದಾರಿಯನ್ನು ಇಳಿದಾರಿಯೆಂದು ಲೆಕ್ಕಕ್ಕೆ ಹಿಡಿಯಬೇಡಿ.

ಒಣ ದಿನದಲ್ಲಿ ತಗಲುವ ಹೊತ್ತಿನ ಒಂದೂವರೆ ಪಟ್ಟು ಇಟ್ಟುಕೊಳ್ಳಿ. ಪ್ರತಿ ಕವಲಿಗೂ ಒಂದು ಗಡುವು ಬರೆದುಕೊಳ್ಳಿ. ಆ ಹೊತ್ತಿಗೆ ಅಲ್ಲಿಗೆ ತಲುಪದಿದ್ದರೆ ಅಲ್ಲಿಯೇ ಇಳಿಯುವುದು. ಮೇಲೆ ಹೋದ ಮೇಲೆ ‘ಇನ್ನೊಂದು ಸ್ವಲ್ಪ’ ಎಂಬ ಆಸೆ ಎಲ್ಲರಿಗೂ ಆಗುತ್ತದೆ, ಅದಕ್ಕೇ ತೀರ್ಮಾನವನ್ನು ಕೆಳಗಿರುವಾಗಲೇ ಮಾಡಿಡಬೇಕು.

ನಕ್ಷೆಯನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಮೊಬೈಲಿನಲ್ಲಿ ಇಳಿಸಿಕೊಳ್ಳಿ. ಜೊತೆಗೆ ಕಾಗದದ ಪ್ರತಿಯೊಂದು ಪ್ಲಾಸ್ಟಿಕ್ ಚೀಲದಲ್ಲಿರಲಿ. ಒದ್ದೆ ಬೆರಳಿಗೆ ಮೊಬೈಲಿನ ಪರದೆ ಮಾತು ಕೇಳುವುದಿಲ್ಲ, ಚಳಿಗೆ ಬ್ಯಾಟರಿಯೂ ಬೇಗ ಇಳಿಯುತ್ತದೆ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ಮನೆಯವರಿಗೋ ಗೆಳೆಯರಿಗೋ ಹೇಳಿ ಹೊರಡಿ.

3. ಸೈಕಲ್ ಸಿದ್ಧತೆ

ಟೈರಿನಿಂದಲೇ ಶುರುಮಾಡೋಣ. ಕೆಸರಿಗೆ ಬೇಕಾದದ್ದು ಎತ್ತರದ, ಒಂದಕ್ಕೊಂದು ದೂರವಿರುವ ರಬ್ಬರ್ ಗುಬಟುಗಳಿರುವ ಟೈರು. ಗುಬಟುಗಳು ಒತ್ತಾಗಿದ್ದರೆ ನಡುವೆ ಸಿಕ್ಕ ಕೆಸರು ಉದುರುವುದಿಲ್ಲ, ಟೈರು ನುಣ್ಣಗಾಗಿಬಿಡುತ್ತದೆ. ಬೇರು, ಬಂಡೆ ಹೆಚ್ಚಿರುವ ಹಾದಿಗೆ ಗುಬಟಿನ ಎತ್ತರಕ್ಕಿಂತ ರಬ್ಬರಿನ ಮೆದುತನ ಮುಖ್ಯ. ಎರಡೂ ಚಕ್ರಕ್ಕೆ ಹೊಸ ಟೈರು ಹಾಕಲಾಗದಿದ್ದರೆ ಒಳ್ಳೆಯದನ್ನು ಮುಂದಿನ ಚಕ್ರಕ್ಕೆ ಹಾಕಿ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಬಿದ್ದಂತೆಯೇ.

ಗಾಳಿಯ ಒತ್ತಡ ನಿಮ್ಮ ತೂಕ ಮತ್ತು ಟೈರಿನ ಅಗಲವನ್ನು ಅವಲಂಬಿಸಿದೆ. ಸುಮಾರು 70 ಕಿಲೋ ತೂಕದವರು 2.3ರಿಂದ 2.4 ಇಂಚು ಅಗಲದ ಟ್ಯೂಬ್‌ಲೆಸ್ ಟೈರಿನಲ್ಲಿ, ಒಣ ದಿನಕ್ಕೆ, ಮುಂದೆ 22ರಿಂದ 25 ಪಿಎಸ್‌ಐ, ಹಿಂದೆ ಅದಕ್ಕಿಂತ ಎರಡು ಮೂರು ಹೆಚ್ಚು ಇಟ್ಟುಕೊಳ್ಳುವುದು ವಾಡಿಕೆ. ಮಳೆಗೆ ಇದರಿಂದ 2 ಅಥವಾ 3 ಪಿಎಸ್‌ಐ ಇಳಿಸಿ. ಟೈರು ನೆಲಕ್ಕೆ ಹೆಚ್ಚು ಅಂಟುತ್ತದೆ, ಬೇರಿನ ಮೇಲೆ ಪುಟಿಯುವುದು ಕಡಿಮೆಯಾಗುತ್ತದೆ. ಇನ್ನೂ ಇಳಿಸಿದರೆ ಇನ್ನೂ ಹಿಡಿತ ಸಿಗುತ್ತದೆಂಬ ಲೆಕ್ಕಾಚಾರ ಬೇಡ. ಕಲ್ಲಿಗೆ ರಿಮ್ ಬಡಿಯುತ್ತದೆ, ತಿರುವಿನಲ್ಲಿ ಟೈರಿನ ಅಂಚು ರಿಮ್ಮಿನಿಂದ ಎದ್ದು ಗಾಳಿ ಬಿಡುತ್ತದೆ. ಟ್ಯೂಬ್ ಇರುವ ಟೈರಾದರೆ ಒತ್ತಡ ಇಳಿಸಲು ಹೋಗಲೇಬೇಡಿ. ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಎರಡು ಕಡೆ ತೂತಾಗುತ್ತದೆ. ಟ್ಯೂಬ್‌ಲೆಸ್ ಟೈರಿನೊಳಗಿನ ಸೀಲಂಟ್, ಎಂದರೆ ತೂತನ್ನು ತಾನೇ ಮುಚ್ಚುವ ದ್ರವ, ಕೆಲವು ತಿಂಗಳಲ್ಲಿ ಒಣಗುತ್ತದೆ. ಹಾಕಿ ಬಹಳ ದಿನವಾಗಿದ್ದರೆ ಮತ್ತೆ ಹಾಕಿಸಿ.

ಇನ್ನು ಬ್ರೇಕ್. ರಿಮ್ ಹಿಡಿಯುವ ಬ್ರೇಕಿನ ಸೈಕಲ್ ಮಳೆಯ ನೆತ್ತಿಗೆ ಸಲ್ಲದು, ಡಿಸ್ಕ್ ಬ್ರೇಕ್ ಬೇಕೇ ಬೇಕು. ಡಿಸ್ಕ್ ಬ್ರೇಕಿನ ಪ್ಯಾಡ್‌ಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ರೆಸಿನ್ ಪ್ಯಾಡ್ ಸದ್ದಿಲ್ಲದೆ ಮೆತ್ತಗೆ ಹಿಡಿಯುತ್ತದೆ, ಆದರೆ ಮರಳು ಬೆರೆತ ನೀರಿನಲ್ಲಿ ಬೇಗ ಸವೆಯುತ್ತದೆ. ಲೋಹದ ಪುಡಿ ಬೆರೆಸಿ ಮಾಡಿದ ಪ್ಯಾಡ್ ಒದ್ದೆಯಲ್ಲಿ ಬಾಳಿಕೆ ಬರುತ್ತದೆ, ಕೀಚಲು ಸದ್ದು ಮಾಡುತ್ತದೆ. ಮಳೆಗೆ ಎರಡನೆಯದನ್ನೇ ಆರಿಸಿಕೊಳ್ಳಿ. ಒಂದು ಎಚ್ಚರಿಕೆ: ಕೆಲವು ಡಿಸ್ಕುಗಳ ಮೇಲೆ ರೆಸಿನ್ ಪ್ಯಾಡ್ ಮಾತ್ರ ಬಳಸಬೇಕೆಂದು ಕೆತ್ತಿರುತ್ತದೆ, ಅದನ್ನು ನೋಡದೆ ಲೋಹದ ಪ್ಯಾಡ್ ಹಾಕಿಸಬೇಡಿ. ಪ್ಯಾಡಿನ ಸವೆಯುವ ಪದರ 1 ಮಿಲಿಮೀಟರ್‌ಗಿಂತ ತೆಳುವಾಗಿದ್ದರೆ ಹೊರಡುವ ಮೊದಲೇ ಬದಲಾಯಿಸಿ. ಹೊಸ ಪ್ಯಾಡ್ ಹಾಕಿದ ಮೇಲೆ ಸಮತಟ್ಟು ನೆಲದಲ್ಲಿ ಹತ್ತಿಪ್ಪತ್ತು ಬಾರಿ ವೇಗ ಹಿಡಿದು, ನಿಧಾನಿಸಿ, ಡಿಸ್ಕಿಗೆ ಪಳಗಿಸಬೇಕು. ಪಳಗದ ಪ್ಯಾಡಿನಲ್ಲಿ ಬೆಟ್ಟ ಇಳಿಯುವುದು ಅಪಾಯ.

ಚೈನಿಗೆ ಮಳೆಗೆಂದೇ ಇರುವ ದಪ್ಪನೆಯ ಎಣ್ಣೆ ಹಾಕಿ, ಹೊರಗೆ ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿಬಿಡಿ. ಆ ಎಣ್ಣೆ ಒಂದು ಹನಿಯೂ ಡಿಸ್ಕಿಗೆ ಸಿಡಿಯಬಾರದು. ಮುಂದಿನ ಚಕ್ರಕ್ಕೆ ಚಿಕ್ಕ ಮಡ್‌ಗಾರ್ಡ್ ಹಾಕಿದರೆ ಕೆಸರು ಕಣ್ಣಿಗೆ ಎರಚುವುದಿಲ್ಲ. ಸಸ್ಪೆನ್ಷನ್‌ಗೆ ಬೀಗ ಹಾಕುವ ಗುಂಡಿ ಇದ್ದರೆ ಪೂರ್ತಿ ತೆರೆದಿಡಿ.

4. ಮೈಗೇನು, ಚೀಲಕ್ಕೇನು?

ಹತ್ತಿಬಟ್ಟೆ ಬೇಡ. ನೆನೆದರೆ ಆರುವುದಿಲ್ಲ, ಮೈಗೆ ಅಂಟಿಕೊಂಡು ಶಾಖವನ್ನು ಹೀರುತ್ತಲೇ ಇರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು. ಮೈಗೆ ತಾಗುವಂತೆ ತೆಳು ಉಣ್ಣೆಯ ಅಥವಾ ಪಾಲಿಯೆಸ್ಟರ್ ಬನಿಯನ್, ಮೇಲೆ ನೀರು ತಡೆಯುವ ಜಾಕೆಟ್. ಏರುವಾಗ ಜಾಕೆಟ್ ಬಿಚ್ಚಿಡಿ, ಇಲ್ಲವಾದರೆ ಹೊರಗಿನ ಮಳೆಗಿಂತ ಒಳಗಿನ ಬೆವರಿಗೇ ತೊಯ್ಯುತ್ತೀರಿ. ನೆತ್ತಿ ಮುಟ್ಟುವ ಸ್ವಲ್ಪ ಮೊದಲು, ಗಾಳಿ ಬಡಿಯುವ ಮುನ್ನವೇ ನಿಂತು ತೊಟ್ಟುಕೊಳ್ಳಿ. ಕನ್ನಡಕ ಬಣ್ಣವಿಲ್ಲದ ಗಾಜಿನದಾಗಿರಲಿ.

ಚೀಲದಲ್ಲಿ ನೀರು ಹೋಗದ ಒಳಚೀಲವೊಂದರಲ್ಲಿ ಒಣಗಿದ ಬೆಚ್ಚನೆಯ ಅಂಗಿ, ಟೋಪಿ, ಇನ್ನೊಂದು ಜೊತೆ ಕೈಗವಸು. ಉಳಿದಂತೆ ಪಂಪು, ಟ್ಯೂಬು, ಟ್ಯೂಬ್‌ಲೆಸ್ ಪ್ಲಗ್, ಚೈನ್ ಜೋಡಿಸುವ ಕೊಂಡಿ, ಸ್ಪ್ಯಾನರ್ ಕಟ್ಟು, ಒಂದು ಜೊತೆ ಬ್ರೇಕ್ ಪ್ಯಾಡ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ತಲೆಗೆ ಕಟ್ಟುವ ದೀಪ, ಶಾಖ ತಡೆಹಿಡಿಯುವ ಬೆಳ್ಳಿಬಣ್ಣದ ತುರ್ತು ಹೊದಿಕೆ, ದಿಕ್ಸೂಚಿ, ಸೀಟಿ. ಸೀಟಿಗೊಂದು ಭಾಷೆಯಿದೆ: ಒಂದು ನಿಮಿಷದಲ್ಲಿ ಸಮಾನ ಅಂತರದ ಆರು ಸೀಟಿ, ಆಮೇಲೆ ಒಂದು ನಿಮಿಷ ಮೌನ, ಮತ್ತೆ ಆರು. ಬೆಟ್ಟಗಳಲ್ಲಿ ಇದು ಸಹಾಯ ಕೇಳುವ ಸಂಕೇತ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸೀಟಿಯಿಂದ ಉತ್ತರಿಸುತ್ತಾರೆ.

5. ಒದ್ದೆ ನೆಲದ ಮೇಲೆ ಸವಾರಿ

ಇಡೀ ಸವಾರಿಗೆ ಒಂದು ಸೂತ್ರವಿದೆ: ಜಾರುವ ಜಾಗದಲ್ಲಿ ಏನನ್ನೂ ಮಾಡಬೇಡಿ. ಬ್ರೇಕ್ ಒತ್ತುವುದು, ಹ್ಯಾಂಡಲ್ ತಿರುಗಿಸುವುದು, ಪೆಡಲ್ ತುಳಿಯುವುದು ಎಲ್ಲವೂ ಅದಕ್ಕೆ ಮೊದಲೋ ಆಮೇಲೋ ಆಗಬೇಕು.

ಬೇರನ್ನೇ ತೆಗೆದುಕೊಳ್ಳಿ. ಸಿಪ್ಪೆ ಸುಲಿದ ಒದ್ದೆ ಬೇರು ಮಂಜುಗಡ್ಡೆಯಷ್ಟೇ ಜಾರುತ್ತದೆ. ಹಾದಿಗೆ ಓರೆಯಾಗಿ ಮಲಗಿದ ಬೇರು ಎಲ್ಲಕ್ಕಿಂತ ಕೆಟ್ಟದ್ದು, ಚಕ್ರ ಅದರ ಉದ್ದಕ್ಕೂ ಜಾರಿಕೊಂಡು ಹೋಗುತ್ತದೆ. ಹತ್ತು ಹೆಜ್ಜೆ ದೂರದಲ್ಲೇ ಅದನ್ನು ಗಮನಿಸಿ. ಅಲ್ಲೇ ವೇಗ ತಗ್ಗಿಸಿ, ಬೇರಿಗೆ ನೇರ ಅಡ್ಡವಾಗಿ ಸಾಗುವಂತೆ ಸೈಕಲನ್ನು ತಿರುಗಿಸಿಕೊಳ್ಳಿ. ಎರಡೂ ಪೆಡಲ್ ಸಮಮಟ್ಟದಲ್ಲಿರಲಿ, ಸೀಟಿನಿಂದ ಎದ್ದು ಮೊಣಕಾಲು ಮೊಣಕೈ ಸಡಿಲ ಬಿಡಿ. ಮುಂದಿನ ಚಕ್ರ ಬೇರು ಮುಟ್ಟುವ ಕ್ಷಣಕ್ಕೆ ಬ್ರೇಕಿನಿಂದ ಬೆರಳು ತೆಗೆಯಿರಿ, ಹ್ಯಾಂಡಲ್ ಮೇಲಿನ ಭಾರ ಹಗುರ ಮಾಡಿ. ಚಕ್ರ ದಾಟುತ್ತದೆ. ಹಿಂದಿನ ಚಕ್ರ ಬರುವಾಗ ಪಾದಗಳ ಮೇಲಿನ ಭಾರವನ್ನೂ ಹಾಗೆಯೇ ಹಗುರ ಮಾಡಿ. ಅದು ಒಂದಿಷ್ಟು ಪಕ್ಕಕ್ಕೆ ಜಾರಿದರೆ ಜಾರಲಿ, ಗಾಬರಿಯಿಂದ ಬ್ರೇಕ್ ಹಿಡಿದರಷ್ಟೇ ಬೀಳುವುದು.

ಬಂಡೆಗಳಲ್ಲಿ ವ್ಯತ್ಯಾಸವಿದೆ. ಒರಟು ಗ್ರಾನೈಟ್ ಒದ್ದೆಯಲ್ಲೂ ಆಶ್ಚರ್ಯವಾಗುವಷ್ಟು ಹಿಡಿಯುತ್ತದೆ. ಸವೆದು ನುಣುಪಾದ ಸುಣ್ಣಕಲ್ಲು ಹಿಡಿಯುವುದಿಲ್ಲ. ಯಾವ ಕಲ್ಲಾದರೂ ಹಸಿರು ಅಥವಾ ಕಪ್ಪು ಪಾಚಿ ಕಂಡರೆ ಇಳಿದು ನಡೆಯಿರಿ. ಮರದ ಸೇತುವೆ, ಹಾದಿಗೆ ಅಡ್ಡವಾಗಿ ನೀರು ಹೊರಹಾಕಲು ಹುಗಿದ ದಿಮ್ಮಿ ಇವಕ್ಕೂ ಬೇರಿನ ನಿಯಮವೇ.

ಕೆಸರಿನ ವಿಷಯದಲ್ಲಿ ಹಲವರ ಊಹೆ ತಲೆಕೆಳಗು. ನೀರು ನೀರಾದ ರಾಡಿ ಅಷ್ಟು ತೊಂದರೆ ಕೊಡುವುದಿಲ್ಲ, ಮಳೆ ನಿಂತ ಮೇಲೆ ಅರ್ಧ ಒಣಗಿದ ಜೇಡಿಮಣ್ಣೇ ಚಕ್ರಕ್ಕೆ ಮೆತ್ತಿ ಸೈಕಲನ್ನು ನಿಲ್ಲಿಸಿಬಿಡುತ್ತದೆ. ಕೆಸರಿಗೆ ಇಳಿಯುವ ಮೊದಲೇ ಹಗುರ ಗೇರ್ ಹಾಕಿ, ಭಾರವನ್ನು ಸ್ವಲ್ಪ ಹಿಂದಕ್ಕೆ ತಂದು, ಒಂದೇ ಸಮನೆ ಪೆಡಲ್ ತಿರುಗಿಸುತ್ತ ನೇರ ಸಾಗಿ. ಹೊಂಡವನ್ನು ಬಳಸಿಕೊಂಡು ಪಕ್ಕದ ಹುಲ್ಲಿನ ಮೇಲೆ ಹೋಗಬೇಡಿ, ಹಾಗೆ ಹೋಗಿ ಹೋಗಿಯೇ ಕಿರುದಾರಿ ಅಗಲವಾಗಿ ಗುಡ್ಡ ಬೋಳಾಗುತ್ತದೆ. ತಳ ಕಾಣದ ಹೊಂಡವಾದರೆ ಇಳಿದು ನಡುವೆಯೇ ದಾಟಿ.

ಬ್ರೇಕನ್ನು ಒಂದೊಂದೇ ಬೆರಳಿನಲ್ಲಿ, ಹಿಂಡಿದಂತೆ ನಿಧಾನವಾಗಿ ಒತ್ತಿ. ಒದ್ದೆ ಡಿಸ್ಕು ಮೊದಲ ಕ್ಷಣದಲ್ಲಿ ಹಿಡಿಯುವುದಿಲ್ಲ, ಆಮೇಲೆ ಒಮ್ಮೆಲೇ ಹಿಡಿಯುತ್ತದೆ. ಆದ್ದರಿಂದ ಇಳಿಜಾರಿಗೆ ಮುನ್ನ ಎರಡೂ ಬ್ರೇಕನ್ನು ಮೆಲ್ಲಗೆ ತಾಗಿಸಿ ನೀರು ಒರೆಸಿಕೊಳ್ಳಿ. ಭಯಕ್ಕೆ ಬರೀ ಹಿಂದಿನ ಬ್ರೇಕನ್ನೇ ನೆಚ್ಚಬೇಡಿ. ಸೈಕಲ್ ನೇರವಾಗಿರುವಾಗ ಮುಂದಿನ ಬ್ರೇಕೇ ಹೆಚ್ಚು ಕೆಲಸ ಮಾಡುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ಹೊರಗಿನ ಪಾದವನ್ನು ಕೆಳಗಿಟ್ಟು ಅದರ ಮೇಲೆ ಭಾರ ಹಾಕಿ ತಿರುಗಿ.

ನೆತ್ತಿಯ ಹಾದಿ ಅಲ್ಲಲ್ಲಿ ಶಿಖರವನ್ನು ಬಿಟ್ಟು ಪಕ್ಕದ ಇಳುಕಲಿನಲ್ಲಿ ಸಾಗುತ್ತದೆ. ಅಂಥ ಕಡೆ ಹಾದಿಯೇ ಕಣಿವೆಯ ಕಡೆಗೆ ವಾಲಿರುತ್ತದೆ. ಆದಷ್ಟು ಬೆಟ್ಟದ ಕಡೆಯ ಅಂಚಿನಲ್ಲಿ ಸಾಗಿ, ಕಣ್ಣು ಹಾದಿಯ ಮೇಲಿರಲಿ, ಪ್ರಪಾತದ ಮೇಲೆ ಬೇಡ. ಬಿದ್ದರೆ ತಡೆಯಲು ಏನೂ ಇಲ್ಲದ ಕಡೆ ಸೈಕಲ್ ತಳ್ಳಿಕೊಂಡು ಹೋಗುವುದರಲ್ಲಿ ಯಾವ ಕೀಳರಿಮೆಯೂ ಬೇಡ.

6. ಗಾಳಿ ಮತ್ತು ಮಂಜು

ಎರಡು ಶಿಖರಗಳ ನಡುವಿನ ತಗ್ಗಿನಲ್ಲಿ ಗಾಳಿ ಇಕ್ಕಟ್ಟಿಗೆ ಸಿಕ್ಕಿ ರಭಸದಿಂದ ನುಗ್ಗುತ್ತದೆ. ಬಂಡೆಯ ಮರೆಯಿಂದ ಹೊರಬರುವಾಗಲೂ ಇದೇ ಅನುಭವ. ಅಂಥ ಜಾಗಕ್ಕೆ ಮುನ್ನ ಮೈ ತಗ್ಗಿಸಿ, ಹಗುರ ಗೇರಿಗೆ ಬನ್ನಿ. ತಳ್ಳಿಕೊಂಡು ಹೋಗುವಾಗ ಗಾಳಿ ಬರುವ ಕಡೆ ನೀವಿರಿ, ಸೈಕಲ್ ಮರೆಯ ಕಡೆ ಇರಲಿ. ಇಲ್ಲವಾದರೆ ಗಾಳಿ ಸೈಕಲನ್ನೇ ಎತ್ತಿ ನಿಮ್ಮ ಮೇಲೆ ಹಾಕುತ್ತದೆ.

ಮಂಜು ಕವಿದರೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಿಲ್ಲಲಾಗುವಷ್ಟೇ ವೇಗ ಇಟ್ಟುಕೊಳ್ಳಿ. ನೆತ್ತಿಯ ಮೇಲೆ ದಾರಿ ತಪ್ಪುವುದು ಸಾಮಾನ್ಯವಾಗಿ ಒಂದೇ ಬಗೆಯಲ್ಲಿ. ಮುಖ್ಯ ಸಾಲಿನಿಂದ ಪಕ್ಕಕ್ಕೆ ಇಳಿಯುವ ಕವಲು ದಿಣ್ಣೆಗಳಿರುತ್ತವೆ. ಇಳಿಮುಖವಾಗಿ ಸಾಗುವಾಗ ಅವು ಮುಖ್ಯ ಹಾದಿಯಂತೆಯೇ ತೋರುತ್ತವೆ, ಚಕ್ರ ತಾನಾಗಿಯೇ ಸುಲಭದ ಇಳಿಜಾರಿಗೆ ಹೊರಳುತ್ತದೆ. ಕಾಲು ಗಂಟೆಯ ಮೇಲೆ ತಿಳಿಯುವಷ್ಟರಲ್ಲಿ ಬೇರೆಯೇ ಕಣಿವೆಯಲ್ಲಿರುತ್ತೀರಿ. ಅದಕ್ಕೇ ಪ್ರತಿ ಇಳಿಜಾರಿನ ತಲೆಯಲ್ಲಿ ನಿಂತು ದಿಕ್ಸೂಚಿಯನ್ನು ನಕ್ಷೆಯೊಂದಿಗೆ ಹೋಲಿಸಿ ನೋಡಿ. ಗುಂಪಾಗಿ ಹೋದವರು ಪ್ರತಿ ಕವಲಿನಲ್ಲೂ ಕೊನೆಯವರು ಬರುವ ತನಕ ಕಾಯಬೇಕು.

7. ಸಿಡಿಲು ಮತ್ತು ಮೈಚಳಿ

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಎಣಿಕೆ 30ಕ್ಕಿಂತ ಕಡಿಮೆಯಾದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ, ಅಪಾಯದ ವ್ಯಾಪ್ತಿಗೆ ಬಂದಿದ್ದೀರಿ. ನೆತ್ತಿಯ ಮೇಲಿರುವವರು ಅಷ್ಟು ಹೊತ್ತು ಕಾಯುವುದೂ ಬೇಡ, ಗುಡುಗು ಕೇಳಿದ ಕೂಡಲೇ ಹತ್ತಿರದ ಇಳಿದಾರಿ ಹಿಡಿಯಿರಿ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಮೇಲೆ ಹೋಗಬೇಡಿ. ರಬ್ಬರ್ ಟೈರು ಕಾಪಾಡುತ್ತದೆ ಎಂಬ ನಂಬಿಕೆಯಲ್ಲಿ ಹುರುಳಿಲ್ಲ. ಒಂಟಿ ಮರ, ಒಂಟಿ ಬಂಡೆ, ತಂತಿಬೇಲಿ, ಬಂಡೆಯ ಪೊಟರೆಯ ಬಾಯಿ ಇವುಗಳಿಂದ ದೂರವಿರಿ. ಇಳಿಯಲು ಆಗಲೇ ಇಲ್ಲವೆಂದರೆ ಸೈಕಲ್ ದೂರವಿಟ್ಟು, ತಗ್ಗಿನಲ್ಲಿ ಪಾದ ಜೋಡಿಸಿ ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳಿ, ಮಲಗಬೇಡಿ. ಗುಂಪಿನವರು ಒಬ್ಬರಿಂದೊಬ್ಬರು ದೂರ ದೂರ ಇರಬೇಕು.

ಚಳಿ ಸಿಡಿಲಿನ ಹಾಗೆ ಸದ್ದು ಮಾಡಿ ಬರುವುದಿಲ್ಲ. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದನ್ನು ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಮೊದಲು ತಡೆಯಲಾಗದ ನಡುಕ, ಆಮೇಲೆ ಜಾಕೆಟಿನ ಜಿಪ್ ಎಳೆಯಲೂ ಬಾರದ ಬೆರಳು, ತೊದಲುವ ಮಾತು, ಎಡವುವ ನಡಿಗೆ, ಕಾರಣವಿಲ್ಲದ ಸಿಡುಕು. ಇವು ಪೀಡಿತರಿಗೆ ತಿಳಿಯುವುದಿಲ್ಲ, ಜೊತೆಗಾರರೇ ಗಮನಿಸಬೇಕು. ಬೆಚ್ಚಗಾಗದೆಯೇ ನಡುಕ ನಿಂತಿತೆಂದರೆ ಸ್ಥಿತಿ ಬಿಗಡಾಯಿಸಿದೆ ಎಂದರ್ಥ, ತಡಮಾಡದೆ ಸಹಾಯ ಕರೆಯಿರಿ. ಗಾಳಿಯ ಮರೆಗೆ ಕರೆದೊಯ್ದು, ಒದ್ದೆ ಬಟ್ಟೆ ತೆಗೆದು ಒಣಗಿದ್ದು ತೊಡಿಸಿ, ತುರ್ತು ಹೊದಿಕೆ ಸುತ್ತಿ. ಪೂರ್ಣ ಎಚ್ಚರವಿದ್ದು ನುಂಗಬಲ್ಲವರಾದರೆ ಬಿಸಿಯಾದ ಸಿಹಿ ಪಾನೀಯ ಕೊಡಿ. ಕೈಕಾಲು ಉಜ್ಜಬೇಡಿ, ಮದ್ಯ ಕೊಡಲೇಬೇಡಿ.

8. ಇಳಿಯುವಾಗ

ಕೊನೆಯ ಇಳಿಜಾರಿನಲ್ಲೇ ದಣಿವು, ಚಳಿ, ಸವೆದ ಪ್ಯಾಡ್ ಮೂರೂ ಒಟ್ಟಾಗುತ್ತವೆ. ಹೊರಡುವ ಮೊದಲು ನಿಂತು ಏನಾದರೂ ತಿನ್ನಿ, ಒಣ ಕೈಗವಸು ಹಾಕಿಕೊಳ್ಳಿ. ಬ್ರೇಕ್ ಹಿಡಿ ಹ್ಯಾಂಡಲಿನವರೆಗೂ ಬರುತ್ತಿದ್ದರೆ, ಲೋಹಕ್ಕೆ ಲೋಹ ಉಜ್ಜುವ ಸದ್ದು ಕೇಳಿದರೆ ಅಲ್ಲೇ ಪ್ಯಾಡ್ ಬದಲಾಯಿಸಿ. ಹಳ್ಳದ ನೀರು ಮೊಣಕಾಲು ಮುಟ್ಟುವಂತಿದ್ದರೆ ಅಥವಾ ಕೆಂಪಾಗಿ ಕಸಕಡ್ಡಿ ಹೊತ್ತು ಹರಿಯುತ್ತಿದ್ದರೆ ದಾಟಬೇಡಿ, ನೀರು ಇಳಿಯುವವರೆಗೆ ಕಾಯಿರಿ.

9. ಮರಳಿದ ಮೇಲೆ

ಕೆಸರು ಒಣಗುವ ಮೊದಲೇ ಸೈಕಲ್ ತೊಳೆಯಿರಿ. ರಭಸದ ನೀರಿನ ಪಂಪು ಬೇಡ. ಅದು ಚಕ್ರದ ನಡುಗುಂಬ, ಪೆಡಲಿನ ಅಚ್ಚು, ಹ್ಯಾಂಡಲಿನ ಬುಡ ಮುಂತಾದೆಡೆ ಬೇರಿಂಗಿನ ಗ್ರೀಸ್ ಕೊಚ್ಚಿಹಾಕಿ ಮರಳನ್ನು ಒಳಗೆ ತುಂಬುತ್ತದೆ. ಸಾಧಾರಣ ಪೈಪಿನ ನೀರು, ಮೆತ್ತನೆಯ ಬ್ರಷ್ ಸಾಕು. ಸೀಟಿನ ಕಂಬವನ್ನು ಬಿಚ್ಚಲು ಬರುವಂತಿದ್ದರೆ ತೆಗೆದು ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ, ಚೌಕಟ್ಟಿನೊಳಗೆ ಸೇರಿದ ನೀರು ಇಳಿದುಹೋಗುತ್ತದೆ. ಚೈನನ್ನು ಬಟ್ಟೆಯಿಂದ ಪೂರ್ತಿ ಒಣಗಿಸಿದ ಮೇಲಷ್ಟೇ ಎಣ್ಣೆ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಶುಭ್ರ ಬಟ್ಟೆಯಲ್ಲಿ ಒರೆಸಿ. ಆಮೇಲೆ ಚಕ್ರ ತೆಗೆದು, ಬ್ರೇಕಿನ ಬಾಯಿಗೆ ಟಾರ್ಚ್ ಹಿಡಿದು ಎರಡೂ ಪ್ಯಾಡ್ ನೋಡಿ. ಒಂದೇ ಮಳೆಯ ಸವಾರಿಯಲ್ಲಿ ಹೊಸ ರೆಸಿನ್ ಪ್ಯಾಡ್ ಕೂಡ ಬಹಳಷ್ಟು ಸವೆದಿರಬಹುದು. ಒಂದು ಬದಿ ಮಾತ್ರ ತೆಳುವಾಗಿದ್ದರೆ ಬ್ರೇಕಿನ ಪಿಸ್ಟನ್ ಒಂದು ಕಡೆ ಅಂಟಿಕೊಂಡಿದೆ, ಮುಂದಿನ ಸವಾರಿಗೆ ಮುನ್ನ ಅದನ್ನು ಸರಿಪಡಿಸಿಕೊಳ್ಳಬೇಕು.